ಕಂಪ್ಯೂಟರ್ ಸ್ಪೀಡ್ ಏರಿಸಿ ಕೊಡೋ ಅಂಗಡಿಯೋರು ವೋಲ್ಟೇಜ್ ಎಷ್ಟಿಟ್ಟಿದೀವಿ ಅಂತ ಬಿಲ್ಲಲ್ಲಿ ಬರೀಲಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೇಲಿ ಮೊಬೈಲ್ ಬಗ್ಗೆ, ಎಐ ಬಗ್ಗೆ, ಆನ್‌ಲೈನ್ ಮೋಸದ ಬಗ್ಗೆ ಆಗಾಗ ಲೇಖನ ಬರುತ್ತೆ, ತಪ್ಪದೆ ಓದ್ತೀನಿ. ಆದ್ರೆ ಮೇಜಿನ ಮೇಲಿರೋ ಡೆಸ್ಕ್‌ಟಾಪ್ ಕಂಪ್ಯೂಟರ್ ಬಗ್ಗೆ ಬರೆಯೋರೇ ಇಲ್ಲ. ಮಂಡ್ಯ, ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣ, ಆ ಕಡೆ ಮೈಸೂರು, ಎಲ್ಲಾ ಕಡೆ ಫೋಟೊ ಸ್ಟುಡಿಯೊದೋರು, ಮದುವೆ ವಿಡಿಯೊ ಎಡಿಟ್ ಮಾಡೋರು, ಫ್ಲೆಕ್ಸ್ ಡಿಸೈನ್ ಮಾಡೋರು, ಕ್ಯಾಡ್ ಕಲೀತಿರೋ ಇಂಜಿನಿಯರಿಂಗ್ ಹುಡುಗ್ರು, ಗೇಮ್ ಆಡೋ ಮಕ್ಳು ಇವತ್ತಿಗೂ ಡೆಸ್ಕ್‌ಟಾಪನ್ನೇ ನೆಚ್ಕೊಂಡಿದಾರೆ, ಎಷ್ಟೋ ಮನೇಲಿ ಸಾಲ ಮಾಡಿ ತಗೊಂಡಿರೋ ಮೆಷಿನ್ ಅದು. ಅದರ ಸ್ಪೀಡನ್ನ ಕಂಪನಿ ಇಟ್ಟಿದ್ದಕ್ಕಿಂತ ಏರಿಸೋದರ ಬಗ್ಗೆ ಒಂದು ವಿಷಯ ಹೇಳಲೇಬೇಕು ಅಂತ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಜಾಗ ಕೊಡಿ.

ನಾನು ಮಂಡ್ಯದಲ್ಲಿ ಕಂಪ್ಯೂಟರ್ ಜೋಡಿಸೋದು, ರಿಪೇರಿ ಮಾಡೋದು, ಇದೇ ಕೆಲಸ ಮಾಡ್ಕೊಂಡು ಬಂದೋನು. ಈಚೆಗೆ ಹುಡುಗ್ರು ಬಂದು "ಅಣ್ಣ, ಓವರ್‌ಕ್ಲಾಕ್ ಮಾಡ್ಕೊಡಿ, ಎಷ್ಟಾಗುತ್ತೆ" ಅಂತ ಕೇಳೋದು ಜಾಸ್ತಿ ಆಗಿದೆ. ಓವರ್‌ಕ್ಲಾಕ್ ಅಂದ್ರೆ ಪ್ರೊಸೆಸರ್‌ನ, ಅಂದ್ರೆ ಲೆಕ್ಕ ಮಾಡೋ ಮುಖ್ಯ ಚಿಪ್‌ನ, ಸ್ಪೀಡ್ ಏರಿಸೋದು. ಕೇಳೋದ್ರಲ್ಲಿ ತಪ್ಪಿಲ್ಲ. ನನ್ನ ಸಂಕಟ ಏನಂದ್ರೆ ಕೆಲವು ಅಂಗಡಿಗಳು ಇದಕ್ಕೆ ಅಂತಾನೇ ಎಕ್ಸ್‌ಟ್ರಾ ದುಡ್ಡು ತಗೊಂಡು, ಬಯೋಸ್‌ನಲ್ಲಿ (ಮೆಷಿನ್ ಆನ್ ಆದ ತಕ್ಷಣ ಓಡೋ, ಬೋರ್ಡಿನ ಸೆಟಿಂಗ್ ಇರೋ ಪ್ರೋಗ್ರಾಂನಲ್ಲಿ) ಏನೋ ಒಂದು ನಂಬರ್ ಏರಿಸಿ, ಗಿರಾಕಿಗೆ ಏನೂ ಹೇಳದೆ ಕೊಟ್ಟು ಕಳಿಸ್ತಿದಾರೆ. ಮದ್ದೂರು ಕಡೆಯ ಸ್ಟುಡಿಯೊದವ್ರೊಬ್ರು ಅವರ ಸಿಸ್ಟಮ್ ತಂದಿದ್ರು, ಲಗ್ನದ ಸೀಸನ್, ಕೈತುಂಬ ಆರ್ಡರ್ರು, ವಿಡಿಯೊ ರೆಂಡರ್‌ಗೆ, ಅಂದ್ರೆ ಎಡಿಟ್ ಮುಗಿದಿದ್ದನ್ನ ಕೊನೆಯ ಫೈಲ್ ಮಾಡೋಕೆ ಹಾಕಿ ಊಟಕ್ಕೆ ಹೋಗಿ ಬರೋ ಹೊತ್ತಿಗೆ ನೀಲಿ ಪರದೆ ಬಂದು ರೀಸ್ಟಾರ್ಟ್ ಆಗಿ ನಿಂತಿರುತ್ತೆ ಅಂದ್ರು. ತೆಗೆದು ನೋಡಿದ್ರೆ ಪ್ರೊಸೆಸರ್‌ಗೆ 1.4 ವೋಲ್ಟ್ ಮೇಲೆ ಫಿಕ್ಸ್ ಮಾಡಿ ಇಟ್ಟವ್ರೆ, ಮೇಲೆ ಕೂತಿರೋದು ಪ್ರೊಸೆಸರ್ ಜೊತೆ ಬಾಕ್ಸಲ್ಲಿ ಬಂದ ಪುಟ್ಟ ಫ್ಯಾನು, ಲೋಡ್ ಕೊಟ್ಟ ತಕ್ಷಣ ಟೆಂಪರೇಚರ್ ಮಿತಿ ಮುಟ್ಟಿ ಸ್ಪೀಡು ತಾನಾಗೇ ಬೀಳ್ತಿತ್ತು. ಅಂದ್ರೆ ಸ್ಪೀಡ್ ಜಾಸ್ತಿ ಆಗ್ಲಿ ಅಂತ ದುಡ್ಡು ಕೊಟ್ಟೋರಿಗೆ ಮೊದಲಿದ್ದ ಸ್ಪೀಡೂ ಸಿಕ್ತಿರ್ಲಿಲ್ಲ. ತಮ್ಮ ಮೆಷಿನ್ ಓವರ್‌ಕ್ಲಾಕ್ ಆಗಿದೆ ಅಂತಾನೂ ಅವ್ರಿಗೆ ಗೊತ್ತಿರ್ಲಿಲ್ಲ, "ಟ್ಯೂನಿಂಗ್ ಚಾರ್ಜ್" ಅಂತ ಏನೋ ತಗೊಂಡ್ರು ಸ್ವಾಮಿ ಅಂದ್ರು ಅಷ್ಟೆ.

ಗೊತ್ತಿಲ್ದೋರಿಗೆ ಎರಡು ಮಾತಲ್ಲಿ ಹೇಳ್ತೀನಿ. ಎಲ್ಲಾ ಭಾಗಗಳನ್ನ ಕೂರಿಸೋ ಮದರ್‌ಬೋರ್ಡ್ 100 ಮೆಗಾಹರ್ಟ್ಸ್‌ನ ಒಂದು ಬಡಿತ ಕೊಡುತ್ತೆ, ಪ್ರೊಸೆಸರ್ ಅದನ್ನ ಒಂದು ಸಂಖ್ಯೆಯಿಂದ ಗುಣಿಸ್ಕೊಂಡು ಓಡುತ್ತೆ, 46 ಅಂತಿದ್ರೆ 4.6 ಗಿಗಾಹರ್ಟ್ಸ್. ಆ ಗುಣಕವನ್ನ ಕಂಪನಿ ಇಟ್ಟಿದ್ದಕ್ಕಿಂತ ಮೇಲೆ ತಗೊಂಡು ಹೋಗೋದು ಓವರ್‌ಕ್ಲಾಕ್. ಸ್ಪೀಡ್ ಏರಿಸ್ದಾಗ ಅದಕ್ಕೆ ತಕ್ಕ ವೋಲ್ಟೇಜ್ ಇಲ್ದಿದ್ರೆ ಲೆಕ್ಕ ತಪ್ಪುತ್ತೆ, ಹ್ಯಾಂಗ್ ಆಗುತ್ತೆ, ಅದಕ್ಕೆ ವೋಲ್ಟೇಜೂ ಏರಿಸ್ಬೇಕಾಗುತ್ತೆ, ಅಪಾಯ ಇರೋದೆಲ್ಲಾ ಅಲ್ಲೇ.

ಹಿಂದೆ ಇದರಲ್ಲಿ ನಿಜವಾಗ್ಲೂ ಲಾಭ ಇತ್ತು, ಅದನ್ನ ಇಲ್ಲ ಅನ್ನಲ್ಲ. 1998ರಲ್ಲಿ ಬಂದ ಸೆಲೆರಾನ್ 300ಎ ಅನ್ನೋ ಅಗ್ಗದ ಪ್ರೊಸೆಸರ್‌ನ ಬಸ್, ಅಂದ್ರೆ ಬೋರ್ಡ್ ಕೊಡೋ ಬಡಿತವನ್ನೇ, 66ರಿಂದ 100 ಮೆಗಾಹರ್ಟ್ಸ್‌ಗೆ ತಂದ್ರೆ 300 ಇದ್ದದ್ದು 450 ಓಡ್ತಿತ್ತು, ಒಂದೂವರೆ ಪಟ್ಟು. 2011ರ ಐ5-2500ಕೆ, 3.3 ಗಿಗಾಹರ್ಟ್ಸ್ ಅಂತ ಬರೆದು ಮಾರ್ತಿದ್ದದ್ದು, ಒಳ್ಳೆ ಕೂಲರ್ ಇಟ್ಟು 4.5ರ ಹತ್ತಿರ ವರ್ಷಗಟ್ಲೆ ಓಡಿಸ್ದೋರು ಎಷ್ಟೋ ಜನ. ಆ ಕಾಲದಲ್ಲಿ ಕಂಪನಿಗಳು ಅಷ್ಟು ಜಾಗ ಬಿಟ್ಟಿರ್ತಿದ್ವು. ಈಗ ಹಾಗಿಲ್ಲ. ಟರ್ಬೊ, ಬೂಸ್ಟ್ ಅಂತ ಹೆಸರಿಟ್ಟು ಕಂಪನಿಯೋರೇ ಆ ಜಾಗವನ್ನ ಬಹುಪಾಲು ಹಿಂಡಿ ತೆಗೆದು ಕೊಟ್ಬಿಟ್ಟಿದಾರೆ, ಎಎಂಡಿ ಕಂಪನಿಯ ರೈಜನ್ 5 5600 ಪ್ರೊಸೆಸರ್ ತಗೊಂಡ್ರೆ ಬೇಸ್ 3.5 ಅಂತಿದ್ರೂ ಅದು ತಾನಾಗೇ 4.4ರ ತನಕ ಹೋಗಿ ಬರುತ್ತೆ. ಮೇಲೆ ಉಳಿದಿರೋದು ಕೆಲವೇ ಶೇಕಡಾ. ಹಳೇ ಕಾಲದ ಕಥೆ ಕೇಳ್ಕೊಂಡು ಈಗಿನ ಪ್ರೊಸೆಸರ್ ಮೇಲೆ ಅದೇ ಆಸೆ ಇಟ್ಕೊಂಡು ಬರೋರಿಗೆ ಇದನ್ನ ಹೇಳಿ ಹೇಳಿ ಸಾಕಾಗಿದೆ.

ಲೆಕ್ಕ ಮಾಡಿ ನೋಡಿ. ಪ್ರೊಸೆಸರ್ ಕೆಲಸ ಮಾಡ್ವಾಗ ತಿನ್ನೋ ಕರೆಂಟು ಸುಮಾರಾಗಿ ಸ್ಪೀಡಿಗೆ ಸಮನಾಗಿ ಏರುತ್ತೆ, ಆದ್ರೆ ವೋಲ್ಟೇಜಿಗೆ ವರ್ಗದ ಲೆಕ್ಕದಲ್ಲಿ ಏರುತ್ತೆ. 4.4 ಗಿಗಾಹರ್ಟ್ಸ್ 1.20 ವೋಲ್ಟ್‌ನಲ್ಲಿ ಓಡ್ತಿದ್ದದ್ದನ್ನ 4.7ಕ್ಕೆ ತರೋಕೆ 1.35 ವೋಲ್ಟ್ ಬೇಕಾಯ್ತು ಅಂದ್ಕೊಳ್ಳಿ. ಸ್ಪೀಡು ಏರಿದ್ದು ಶೇಕಡಾ 7ರ ಒಳಗೆ, ಕರೆಂಟು ಮತ್ತೆ ಬಿಸಿ ಏರೋದು ಶೇಕಡಾ 35! ಮೂರು ಗಂಟೆ ತಗೊಳ್ಳೋ ರೆಂಡರ್‌ನಲ್ಲಿ ಶೇಕಡಾ 5 ಸ್ಪೀಡ್ ಸಿಕ್ರೂ ಉಳಿಯೋದು ಎಂಟೊಂಬತ್ತು ನಿಮಿಷ. ಅದಕ್ಕೆ ಅರವತ್ತು ವ್ಯಾಟ್ ಜಾಸ್ತಿ ತಿಂದು ದಿನಕ್ಕೆ ಎಂಟು ಗಂಟೆ ಓಡಿದ್ರೆ ತಿಂಗಳಿಗೆ 14 ಯೂನಿಟ್ ಮೇಲೆ ಬಿಲ್ಲು ಏರುತ್ತೆ, ಆ ಬಿಸಿ ಎಲ್ಲಾ ನೀವು ಕೂತಿರೋ ರೂಮಿಗೇ ಬರುತ್ತೆ.

ಜೊತೆಗೆ ವೋಲ್ಟೇಜ್ ಮಾಡೋ ಹಾನಿ ಇವತ್ತೇ ಕಾಣಲ್ಲ. ಪ್ರೊಸೆಸರ್ ಒಳಗಿರೋ, ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಕರೆಂಟ್ ದಾರಿಗಳು ಜಾಸ್ತಿ ವೋಲ್ಟೇಜು, ಜಾಸ್ತಿ ಬಿಸಿ ಎರಡೂ ಸೇರಿದಾಗ ನಿಧಾನಕ್ಕೆ ಸವೀತಾ ಹೋಗ್ತವೆ, ಹೋದ ವರ್ಷ 1.25 ವೋಲ್ಟ್‌ಗೆ ಸುಮ್ನೆ ಓಡ್ತಿದ್ದ ಪ್ರೊಸೆಸರ್ ಈ ವರ್ಷ ಅದೇ ಸ್ಪೀಡಿಗೆ ಇನ್ನೂ ಜಾಸ್ತಿ ಕೇಳುತ್ತೆ, ಗಿರಾಕಿ ವಿಂಡೋಸ್ ಕೆಟ್ಟಿದೆ ಅಂತ ಮತ್ತೆ ಮತ್ತೆ ಫಾರ್ಮ್ಯಾಟ್ ಮಾಡಿಸ್ತಾ ಇರ್ತಾನೆ. ಇದು ಬರೀ ಹೆದರಿಸೋ ಮಾತಲ್ಲ. ಇಂಟೆಲ್‌ನ 13 ಮತ್ತು 14ನೇ ಜನರೇಶನ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಯಾರೂ ಏನೂ ಏರಿಸದೇ ಇದ್ರೂ ವೋಲ್ಟೇಜ್ ಅಗತ್ಯಕ್ಕಿಂತ ಮೇಲೆ ಹೋಗಿ ಚಿಪ್ ಹಾಳಾಗ್ತಿದೆ ಅಂತ 2024ರಲ್ಲಿ ಕಂಪನಿಯೇ ಒಪ್ಕೊಳ್ತು, ಆಗಸ್ಟ್‌ನಲ್ಲಿ 0ಎಕ್ಸ್129 ಅನ್ನೋ ಮೈಕ್ರೋಕೋಡ್ (ಪ್ರೊಸೆಸರ್ ನಡೆಯೋ ರೀತಿ ತಿದ್ದೋ ಪುಟ್ಟ ಪ್ರೋಗ್ರಾಂ), ಆಮೇಲೆ ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಕೊಟ್ರು, ವಾರಂಟಿ ಎರಡು ವರ್ಷ ಮುಂದಕ್ಕೆ ಹಾಕಿದ್ರು. ಆ ಮೈಕ್ರೋಕೋಡ್ ಬರೋದು ಮದರ್‌ಬೋರ್ಡ್‌ನ ಬಯೋಸ್ ಅಪ್‌ಡೇಟ್ ಮೂಲಕ. ನಮ್ಮ ಕಡೆ 13700ಕೆ, 14700ಕೆ, 14900ಕೆ ಇಟ್ಕೊಂಡಿರೋ ಸ್ಟುಡಿಯೊಗಳಿವೆ, ಇವ್ರಲ್ಲಿ ಎಷ್ಟೋ ಜನ ತಗೊಂಡ ದಿನದ ಬಯೋಸ್‌ನಲ್ಲೇ ಓಡಿಸ್ತಿದಾರೆ. ದಯವಿಟ್ಟು ಇದನ್ನ ಓದಿದೋರು ಮೊದಲು ಅದನ್ನ ಅಪ್‌ಡೇಟ್ ಮಾಡಿಸಿ, ಓವರ್‌ಕ್ಲಾಕ್ ಮಾತು ಆಮೇಲೆ. ಅಪ್‌ಡೇಟ್ ಮಾಡ್ವಾಗ ಕರೆಂಟ್ ಹೋದ್ರೆ ಬೋರ್ಡೇ ಸತ್ತಂಗೆ ಆಗ್ಬಹುದು, ಆದ್ರಿಂದ ಚಾರ್ಜ್ ಇರೋ ಯುಪಿಎಸ್ ಮೇಲೇ ಮಾಡ್ಬೇಕು.

ಎಎಂಡಿ ಕಡೇನೂ ಒಂದು ಪಾಠ ಇದೆ. 2023ರ ಏಪ್ರಿಲ್ ಹೊತ್ತಿಗೆ ರೈಜನ್ 7000 ಸರಣಿಯ ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್‌ನಲ್ಲೇ ಸುಟ್ಟು ಹೋದ ಪ್ರಕರಣಗಳು ಬಂದ್ವು. ರ‍್ಯಾಮಿನ ಎಕ್ಸ್‌ಪೋ ಪ್ರೊಫೈಲ್ ಆನ್ ಮಾಡ್ದಾಗ ಕೆಲವು ಬೋರ್ಡುಗಳು ಎಸ್‌ಒಸಿ ವೋಲ್ಟೇಜನ್ನ (ಪ್ರೊಸೆಸರ್ ಒಳಗೆ ರ‍್ಯಾಮ್ ನೋಡ್ಕೊಳ್ಳೋ ಭಾಗದ ವೋಲ್ಟೇಜು) ತಾವೇ ಮೇಲೆ ತಗೊಂಡು ಹೋಗ್ತಿದ್ವು, ಆಮೇಲೆ ಎಎಂಡಿಯೋರು ಬಯೋಸ್ ಅಪ್‌ಡೇಟ್ ಮೂಲಕ ಅದನ್ನ 1.3 ವೋಲ್ಟ್‌ಗೆ ಕಟ್ಟಿಹಾಕಿದ್ರು. ಇಲ್ಲಿ ಗಿರಾಕಿ ಮಾಡಿದ್ದು ಏನು, ರ‍್ಯಾಮ್ ಪ್ಯಾಕೆಟ್ ಮೇಲೆ ಬರೆದಿರೋ ಸ್ಪೀಡು ಸಿಗ್ಲಿ ಅಂತ ಒಂದು ಆಯ್ಕೆ ಆನ್ ಮಾಡಿದ್ದು ಅಷ್ಟೇ. ಹಾಳು ಮಾಡಿದ್ದು 'ಆಟೊ'. ನಾನು ಎಲ್ರಿಗೂ ಹೇಳೋದು ಇದನ್ನೇ, ಬಯೋಸ್‌ನಲ್ಲಿ ಸ್ಪೀಡ್ ಏರಿಸಿ ವೋಲ್ಟೇಜನ್ನ ಆಟೊಗೆ ಬಿಡೋದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ, ಬೋರ್ಡು ಹ್ಯಾಂಗ್ ಆಗ್ಬಾರ್ದು ಅಂತ ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟು ಕೂರುತ್ತೆ. ಇನ್ನೊಂದು ವಿಷಯ, ನೀವು ಏನೂ ಮುಟ್ಟದೇ ಇದ್ರೂ ಕೆಲವು ದುಬಾರಿ ಬೋರ್ಡುಗಳಲ್ಲಿ ಪವರ್ ಲಿಮಿಟ್, ಅಂದ್ರೆ ಪ್ರೊಸೆಸರ್ ಎಷ್ಟು ವ್ಯಾಟ್ ಎಳೀಬಹುದು ಅನ್ನೋ ಮಿತಿ, ತೆಗೆದು ಹಾಕಿರೋ ಸೆಟಿಂಗ್ ಫ್ಯಾಕ್ಟರಿಯಿಂದಲೇ ಬಂದಿರುತ್ತೆ, ಅಂದ್ರೆ ಹೊಸ ಮೆಷಿನ್ ಮನೆಗೆ ಬಂದ ದಿನವೇ ಕಂಪನಿ ಹೇಳಿದ ಮಿತಿಯ ಹೊರಗೆ ಓಡ್ತಿರಬಹುದು.

ಹಾಗಾದ್ರೆ ಓವರ್‌ಕ್ಲಾಕ್ ಮಾಡ್ಲೇಬಾರ್ದಾ? ಮಾಡ್ಬಹುದು. ದಿನನಿತ್ಯದ ಕೆಲಸದ ಮೆಷಿನ್‌ನಲ್ಲೂ ಮಾಡ್ಬಹುದು, ನಾನೇ ಮಾಡ್ಕೊಡ್ತೀನಿ, ಆದ್ರೆ ಅಳತೆ ಮಾಡಿ, ಮಿತಿ ಹಾಕಿ, ಗಿರಾಕಿಗೆ ಹೇಳಿ.

ಮೊದಲು ಯಾರಿಗೆ ಆಗಲ್ಲ ಅನ್ನೋದು ಗೊತ್ತಿರ್ಬೇಕು. ಇಂಟೆಲ್‌ನಲ್ಲಿ ನಂಬರ್ ಕೊನೇಲಿ ಕೆ ಅಕ್ಷರ ಇರೋ (ಕೆಎಫ್, ಕೆಎಸ್ ಕೂಡ) ಪ್ರೊಸೆಸರ್‌ಗೆ ಮಾತ್ರ ಗುಣಕ ಬಿಚ್ಚಿರೋದು, ಅಂದ್ರೆ ಏರಿಸೋಕೆ ಬಿಟ್ಟಿರೋದು, ಅದೂ ಝಡ್690, ಝಡ್790 ಥರದ ಝಡ್ ಚಿಪ್‌ಸೆಟ್ ಬೋರ್ಡ್ ಮೇಲೆ ಮಾತ್ರ. ಬಿ760 ಬೋರ್ಡ್ ಮೇಲೆ ಕೆ ಪ್ರೊಸೆಸರ್ ಕೂರಿಸಿ "ಮುಂದೆ ಓವರ್‌ಕ್ಲಾಕ್ ಮಾಡ್ಕೊಬಹುದು" ಅಂತ ಮಾರಿರೋದನ್ನ ನೋಡಿದೀನಿ, ಪಾಪ ಆ ಹುಡುಗ ಕೆ ಅಕ್ಷರಕ್ಕೆ ಅಂತ ಕೊಟ್ಟ ದುಡ್ಡು ಆ ಲೆಕ್ಕಕ್ಕೆ ದಂಡ. ಎಎಂಡಿ ರೈಜನ್‌ನಲ್ಲಿ ಬಹುತೇಕ ಎಲ್ಲಾ ಬಿಚ್ಚಿರುತ್ತೆ, ಆದ್ರೆ ಎ320, ಎ520 ಥರದ ಕಡಿಮೆ ಬೆಲೆ ಬೋರ್ಡ್‌ನಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ, ಬಿ450, ಬಿ550, ಬಿ650 ಆದ್ರೆ ಇದೆ. ಆಮೇಲೆ ಟ್ಯಾಲಿ, ನುಡಿ, ಬ್ರೌಸರ್, ಪೇಜ್‌ಮೇಕರ್ ಇಷ್ಟರಲ್ಲೇ ದಿನ ಕಳೆಯೋರಿಗೆ ಪ್ರೊಸೆಸರ್ ಏರಿಸಿ ಏನೂ ಸಿಗಲ್ಲ, ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ರೆ ಸಿಗೋ ವ್ಯತ್ಯಾಸದ ಮುಂದೆ ಅದು ಲೆಕ್ಕಕ್ಕೇ ಬರಲ್ಲ. ಮದುವೆ ವಿಡಿಯೊದೋರಿಗೂ ಒಂದು ಮಾತು, ಇಂಟೆಲ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಅಂತ ವಿಡಿಯೊಗೆ ಅಂತಾನೇ ಇರೋ ಭಾಗ ಇದೆ, 2011ರಿಂದಲೂ ಇದೆ, ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಅದನ್ನ ಆನ್ ಮಾಡಿದ್ರೆ ಎಕ್ಸ್‌ಪೋರ್ಟ್‌ನಲ್ಲಿ ಉಳಿಯೋ ಸಮಯ ಯಾವ ಓವರ್‌ಕ್ಲಾಕ್‌ನಲ್ಲೂ ಉಳಿಯಲ್ಲ. ಕೊನೇಲಿ ಎಫ್ ಇರೋ ಪ್ರೊಸೆಸರ್‌ನಲ್ಲಿ ಈ ಗ್ರಾಫಿಕ್ಸೇ ಇರಲ್ಲ, ಸಾವಿರ ಎರಡು ಸಾವಿರ ಉಳಿಯುತ್ತೆ ಅಂತ ಎಫ್ ತಗೊಳ್ಳೋ ಮುಂಚೆ ಎಡಿಟಿಂಗ್‌ನೋರು ಯೋಚನೆ ಮಾಡ್ಲಿ.

ಇಷ್ಟಾದ ಮೇಲೂ ಬೇಕು ಅನ್ನೋರಿಗೆ ನಾನು ಮೊದಲು ನೋಡೋದು ರ‍್ಯಾಮು. 3200ರ ಡಿಡಿಆರ್4 ರ‍್ಯಾಮ್ ತಗೊಂಡು ಅದು 2400ಕ್ಕೋ 2666ಕ್ಕೋ ಓಡ್ತಿರುತ್ತೆ, ಡಿಡಿಆರ್5 6000 ಅಂತ ತಗೊಂಡಿದ್ದು 4800ಕ್ಕೆ ಓಡ್ತಿರುತ್ತೆ, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಇಲ್ಲಾ ಎಕ್ಸ್‌ಪೋ ಅನ್ನೋ ರ‍್ಯಾಮ್ ಸ್ಪೀಡಿನ ಆಯ್ಕೆ ಯಾರೂ ಆನ್ ಮಾಡಿರಲ್ಲ. ಇನ್ನು ಕೆಲವ್ರು ಒಂದೇ ಕಡ್ಡಿ ಹಾಕಿ ಕೂತಿರ್ತಾರೆ, ಎರಡು ಹಾಕಿದ್ರೆ ಡ್ಯುಯಲ್ ಚಾನೆಲ್, ಅಂದ್ರೆ ಎರಡೂ ಒಟ್ಟಿಗೆ ಕೆಲಸ ಮಾಡೋದು ಸಿಗುತ್ತೆ. ಬಯೋಸ್ ಹೊಸದು ಮಾಡಿ ಪ್ರೊಫೈಲ್ ಆನ್ ಮಾಡಿ, ರಾತ್ರಿ ಪೂರ್ತಿ ಮೆಮ್‌ಟೆಸ್ಟ್86 ಅನ್ನೋ ರ‍್ಯಾಮ್ ಪರೀಕ್ಷೆ ಪ್ರೋಗ್ರಾಂ ಓಡಿಸಿ, ಒಂದೇ ಒಂದು ಎರರ್ ಬಂದ್ರೂ ಸ್ಪೀಡ್ ಇಳಿಸ್ಬೇಕು. ರ‍್ಯಾಮ್ ತಪ್ಪು ಮಾಡಿದ್ರೆ ಮೆಷಿನ್ ಹ್ಯಾಂಗ್ ಆಗ್ದೇನೂ ಇರಬಹುದು, ಫೈಲ್ ಒಳಗೊಳಗೇ ಕೆಟ್ಟು ಸೇವ್ ಆಗಿರುತ್ತೆ, ಯಾರ್ದೋ ಮದುವೆಯ ಫೋಟೊ ಅದು, ಮತ್ತೆ ತೆಗೆಯೋಕಾಗುತ್ತಾ?

ಆಮೇಲೆ ಕೂಲಿಂಗು. ಇಲ್ಲಿ ನಮ್ಮ ಊರಿನ ಲೆಕ್ಕ ಹಿಡೀಬೇಕು, ಯಾವುದೋ ಚಳಿ ದೇಶದವ್ರು ವಿಡಿಯೊದಲ್ಲಿ ತೋರ್ಸಿದ ನಂಬರ್ ಇಲ್ಲಿ ನಡೆಯಲ್ಲ. ಗಾಳಿ ಕೂಲರ್ ಆಗ್ಲಿ ನೀರಿನ ಕೂಲರ್ ಆಗ್ಲಿ ಪ್ರೊಸೆಸರನ್ನ ರೂಮಿನ ಟೆಂಪರೇಚರ್‌ಗಿಂತ ಕೆಳಗೆ ತರಲ್ಲ, ರೂಮು ಎಷ್ಟು ಡಿಗ್ರಿ ಏರುತ್ತೋ ಪ್ರೊಸೆಸರೂ ಹತ್ತತ್ರ ಅಷ್ಟೇ ಏರುತ್ತೆ. ಡಿಸೆಂಬರ್ ರಾತ್ರಿ 22 ಡಿಗ್ರಿ ರೂಮಲ್ಲಿ ಫುಲ್ ಲೋಡ್‌ಗೆ 78 ಬಂತು ಅಂತ ಖುಷಿಪಟ್ಟು ಬಿಟ್ರೆ, ಏಪ್ರಿಲ್ ಮಧ್ಯಾಹ್ನ ಮಂಡ್ಯದಲ್ಲಿ 35 ದಾಟಿದಾಗ ಅದೇ ಸೆಟಿಂಗು 90 ದಾಟುತ್ತೆ, ಶೀಟ್ ಹಾಕಿರೋ ಮಾಳಿಗೆ ರೂಮಾದ್ರೆ ಕೇಳೋದೇ ಬೇಡ. ಆದ್ರಿಂದ ಚಳಿಗಾಲದಲ್ಲಿ ಸೆಟ್ ಮಾಡೋರು ಹದಿನೈದು ಡಿಗ್ರಿಯಾದ್ರೂ ಬೇಸಿಗೆಗೆ ಅಂತ ಬಿಟ್ಟಿರ್ಬೇಕು. ನಾನಂತೂ ಬಯೋಸ್‌ನಲ್ಲಿ ಟೆಂಪರೇಚರ್ ಮಿತಿಯನ್ನ 85ಕ್ಕೆ ಹಾಕಿ ಕೊಡ್ತೀನಿ, ರೈಜನ್ 7000ಕ್ಕೆ ಕಂಪನಿ 95, ಇಂಟೆಲ್ ಹೊಸ ಪ್ರೊಸೆಸರ್‌ಗೆ 100 ತನಕ ಅಂತ ಬರೆದಿದ್ರೂ ಸರಿ, ಎಂಟ್ಹತ್ತು ವರ್ಷ ಓಡಿಸೋ ಮೆಷಿನ್ ಅದು.

ಕ್ಯಾಬಿನೆಟ್ಟನ್ನ ಕಂಪ್ಯೂಟರ್ ಟೇಬಲ್ಲಿನ ಮರದ ಗೂಡಿನೊಳಗೆ ತುರುಕಿ, ಹಿಂದೆ ಗೋಡೆಗೆ ಒತ್ತಿ, ಮೇಲೊಂದು ಬಟ್ಟೆ ಹೊದಿಸಿ ಇಡೋ ಮನೆಗಳೇ ಜಾಸ್ತಿ, ಬಿಸಿ ಗಾಳಿ ಹೋಗೋದು ಎಲ್ಲಿಗೆ ಹೇಳಿ, ಅದನ್ನ ಈಚೆ ತಂದು ಇಟ್ರೇ ಎಷ್ಟೋ ಡಿಗ್ರಿ ಇಳಿಯುತ್ತೆ, ಬಿಡಿಗಾಸು ಖರ್ಚಿಲ್ಲ. ಆಲೆಮನೆ ಹತ್ತಿರದ ಊರುಗಳಿಂದ ಬರೋ ಮೆಷಿನ್‌ಗಳಲ್ಲಿ ಕರೀ ಮಸಿ ಧೂಳಿನ ಜೊತೆ ಸೇರಿ ಕೂಲರ್ ರೆಕ್ಕೆಗಳ ಮಧ್ಯೆ ಗಟ್ಟಿಯಾಗಿ ಕೂತಿರುತ್ತೆ, ಬರೀ ಬ್ಲೋವರ್ ಹಿಡಿದ್ರೆ ಹೋಗಲ್ಲ, ಕೂಲರ್ ಬಿಚ್ಚಿ ಬ್ರಶ್ ಹಾಕಿ ತೆಗೆದು ಥರ್ಮಲ್ ಪೇಸ್ಟ್ ಹೊಸದು ಹಚ್ಬೇಕು. ಬ್ಲೋವರ್ ಹಿಡೀವಾಗ ಫ್ಯಾನ್ ತಿರುಗದ ಹಾಗೆ ಬೆರಳಿಂದ ಹಿಡ್ಕೊಳ್ಳಿ. ಓವರ್‌ಕ್ಲಾಕ್ ಅಂತ ಹೋಗೋರು ಬಾಕ್ಸಲ್ಲಿ ಬಂದ ಫ್ಯಾನ್ ಬಿಟ್ಟು 120 ಎಂಎಂ ಫ್ಯಾನಿನ ಟವರ್ ಕೂಲರ್ ಹಾಕಿಸ್ಲೇಬೇಕು, ಸ್ಪೀಡ್ ಏರಿಸದೇ ಇರೋರಿಗೂ ಅದು ಒಳ್ಳೇ ಖರ್ಚು.

ಎಸ್‌ಎಂಪಿಎಸ್, ಅಂದ್ರೆ ಮೆಷಿನ್‌ಗೆ ಕರೆಂಟ್ ಕೊಡೋ ಡಬ್ಬದ ವಿಷಯ ನಮ್ಮಲ್ಲಿ ಯಾರೂ ಗಂಭೀರವಾಗಿ ತಗೊಳ್ಳಲ್ಲ, ನನಗೆ ಜಾಸ್ತಿ ಕೋಪ ಬರೋದು ಇದಕ್ಕೆ. ಕ್ಯಾಬಿನೆಟ್ ಜೊತೆ ಫ್ರೀಯಾಗಿ ಬಂದ 450 ವ್ಯಾಟ್ ಅಂತ ಸ್ಟಿಕ್ಕರ್ ಅಂಟಿಸಿರೋ ಹಗುರ ಡಬ್ಬದಲ್ಲಿ ಅಷ್ಟು ವ್ಯಾಟ್ ಇರೋದೇ ಇಲ್ಲ ಅಂತ ಕೈಗೆ ಎತ್ತಿದ್ರೇ ಗೊತ್ತಾಗುತ್ತೆ, ಅದರ ಮೇಲೆ ಗ್ರಾಫಿಕ್ಸ್ ಕಾರ್ಡೂ ಓವರ್‌ಕ್ಲಾಕ್ ಮಾಡಿದ ಪ್ರೊಸೆಸರೂ ಹಾಕಿದ್ರೆ ಹೋಗುವಾಗ ಅದು ಒಂದೇ ಹೋಗಲ್ಲ, ಬೋರ್ಡನ್ನೂ ಕರ್ಕೊಂಡು ಹೋಗುತ್ತೆ. 80 ಪ್ಲಸ್ ಸರ್ಟಿಫಿಕೇಟ್ ಇರೋ ಹೆಸರು ಗೊತ್ತಿರೋ ಕಂಪನಿಯದ್ದು ಹಾಕಿಸಿ. ಮನೆಗಳಲ್ಲಿ ಇರೋ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡೋದು 360 ವ್ಯಾಟು, ಫುಲ್ ಲೋಡ್‌ನಲ್ಲಿ ಮೆಷಿನ್ ಅದಕ್ಕಿಂತ ಜಾಸ್ತಿ ಎಳೀತಿದ್ರೆ ಕರೆಂಟ್ ಹೋದ ಕ್ಷಣಕ್ಕೇ ಯುಪಿಎಸ್ಸೂ ಕೈ ಕೊಡುತ್ತೆ, ಆಗ ಓವರ್‌ಕ್ಲಾಕ್ ಸರಿ ಇಲ್ಲ ಅಂತ ತಪ್ಪು ತಿಳ್ಕೊಳ್ತಾರೆ. ಅರ್ಥಿಂಗ್ ಇಲ್ಲದ ಹಳೇ ವೈರಿಂಗ್ ಮನೆಗಳೂ ಇನ್ನೂ ಇವೆ, ಕ್ಯಾಬಿನೆಟ್ ಮುಟ್ಟಿದ್ರೆ ಜುಂ ಅನ್ನುತ್ತೆ ಅಂತ ಹೇಳ್ತಾರೆ. ಅಂಥ ಮನೇಲಿ ಮೊದಲು ಕರೆಯಬೇಕಾದ್ದು ಎಲೆಕ್ಟ್ರೀಷಿಯನ್ನನ್ನ.

ಈಗ ಪ್ರೊಸೆಸರ್. ರೈಜನ್ 5000 ಮತ್ತು ಆಮೇಲಿನವು ಇರೋರಿಗೆ ಎಲ್ಲಾ ಕೋರನ್ನೂ (ಪ್ರೊಸೆಸರ್ ಒಳಗೆ ಲೆಕ್ಕ ಮಾಡೋ ಒಂದೊಂದು ಭಾಗ) ಒಂದೇ ಸ್ಪೀಡಿಗೆ ಕಟ್ಟೋ ಹಳೇ ಪದ್ಧತಿ ಬೇಡವೇ ಬೇಡ, ಹಾಗೆ ಕಟ್ಟಿದ್ರೆ ಒಂದೆರಡು ಕೋರ್ ಮಾತ್ರ ಕೆಲಸ ಮಾಡ್ವಾಗ ಸಿಗ್ತಿದ್ದ ದೊಡ್ಡ ಬೂಸ್ಟ್ ಕಳ್ಕೊಳ್ತೀರ. ಬಯೋಸ್‌ನಲ್ಲಿ ಪಿಬಿಒ ಅನ್ನೋ ಎಎಂಡಿಯದೇ ಬೂಸ್ಟ್ ಸೆಟಿಂಗ್ ಒಳಗೆ ಕರ್ವ್ ಆಪ್ಟಿಮೈಸರ್ ಅಂತಿದೆ, ಅದರಲ್ಲಿ ನೆಗೆಟಿವ್ 10 ಅಂತ ಕೊಟ್ಟು ಶುರು ಮಾಡಿ, ಸರಿ ಹೋದ್ರೆ 15, ಒಂದೊಂದು ಅಂಕಿಗೆ ಮೂರರಿಂದ ಐದು ಮಿಲಿವೋಲ್ಟ್ ಇಳಿಯುತ್ತೆ. ವೋಲ್ಟೇಜ್ ಇಳೀತು, ಬಿಸಿ ಇಳೀತು, ಉಳಿದ ಜಾಗದಲ್ಲಿ ಪ್ರೊಸೆಸರ್ ತಾನೇ ಇನ್ನೂ ಸ್ವಲ್ಪ ಮೇಲೆ ಹೋಗುತ್ತೆ. ವೋಲ್ಟೇಜ್ ಇಳಿಸಿ ಸ್ಪೀಡ್ ಪಡ್ಯೋದು ಇದು, ನಮ್ಮ ಹವಾಮಾನಕ್ಕೆ ಇದಕ್ಕಿಂತ ಒಳ್ಳೇ ದಾರಿ ನನಗೆ ಕಾಣಲ್ಲ. ಪ್ರತಿ ಚಿಪ್ ಬೇರೆ ಬೇರೆ, ಪಕ್ಕದ ಮನೆಯೋನ ಮೆಷಿನ್ 25 ತಡ್ಕೊಂಡ್ರೆ ನಿಮ್ದು ತಡ್ಕೊಬೇಕು ಅಂತೇನಿಲ್ಲ.

ಇಂಟೆಲ್ ಕೆ ಪ್ರೊಸೆಸರ್‌ಗೆ ಮೊದಲು ಪವರ್ ಲಿಮಿಟ್ ಹಾಕಿ. 13600ಕೆಗೆ ಕಂಪನಿ ಹೇಳಿರೋ ಗರಿಷ್ಠ 181 ವ್ಯಾಟು, 13700ಕೆ, 14700ಕೆಗೆ 253, ನಮ್ಮ ರೂಮುಗಳಿಗೆ ಅದನ್ನ 150ರ ಸುತ್ತ ಇಟ್ರೂ ಬಿಸಿ ಇಳಿದಷ್ಟು ಸ್ಪೀಡ್ ಇಳಿಯಲ್ಲ. ಗುಣಕ ಏರಿಸೋದಾದ್ರೆ ಒಂದ್ಸಲಕ್ಕೆ ಒಂದೇ ಅಂಕಿ, ವೋಲ್ಟೇಜು ಕೆಲಸಕ್ಕೆ ತಕ್ಕ ಹಾಗೆ ಏರಿ ಇಳಿಯೋ ಅಡಾಪ್ಟಿವ್ ಇಲ್ಲಾ ಆಫ್‌ಸೆಟ್ ಮೋಡ್‌ನಲ್ಲಿ, ಫಿಕ್ಸ್ ಬೇಡ, ಫಿಕ್ಸ್ ಮಾಡಿದ್ರೆ ಸುಮ್ನೆ ಹಾಡು ಕೇಳ್ತಿರುವಾಗ್ಲೂ ಅಷ್ಟೇ ವೋಲ್ಟೇಜ್ ಹರೀತಾ ಇರುತ್ತೆ. ಫುಲ್ ಲೋಡ್‌ನಲ್ಲಿ 1.30 ವೋಲ್ಟ್ ದಾಟ್ತಿದೆ ಅಂದ್ರೆ ಅಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ ಬಂದು ನಿಲ್ಸಿ, ಇದು ನನ್ನ ಗೆರೆ, ಇನ್ನೂ ಮೇಲೆ ಹೋಗೋರು ಇದಾರೆ, ದಿನಾ ಅನ್ನ ದುಡಿಯೋ ಮೆಷಿನ್‌ನಲ್ಲಿ ನಾನು ಹೋಗಲ್ಲ. ಲ್ಯಾಪ್‌ಟಾಪ್‌ನೋರು ಈ ಪತ್ರ ಓದಿ ಏನೂ ಮಾಡಕ್ಕೆ ಹೋಗ್ಬೇಡಿ.

ಟೆಸ್ಟ್ ಮಾಡೋದ್ರಲ್ಲಿ ಎಲ್ರೂ ಎಡವ್ತಾರೆ. ಸಿನಿಬೆಂಚ್ ಅನ್ನೋ ಸ್ಪೀಡ್ ಅಳೆಯೋ ಪ್ರೋಗ್ರಾಂ ಒಂದ್ಸಲ ಓಡಿಸಿ ಸ್ಕೋರ್ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿ ಮುಗೀತು ಅಂದ್ಕೊಳ್ತಾರೆ. ಎಚ್‌ಡಬ್ಲ್ಯೂಇನ್ಫೊ ತೆರೆದಿಟ್ಕೊಂಡು ಟೆಂಪರೇಚರ್, ವೋಲ್ಟೇಜ್, ವ್ಯಾಟ್ ಮೂರೂ ನೋಡ್ತಾ ಸಿನಿಬೆಂಚ್ ಅರ್ಧ ಗಂಟೆ, ಆಮೇಲೆ ಒಸಿಸಿಟಿ ಇಲ್ಲಾ ಪ್ರೈಮ್95 ಅನ್ನೋ ಫುಲ್ ಲೋಡ್ ಟೆಸ್ಟ್ ಒಂದೆರಡು ಗಂಟೆ, ಅದಾದ ಮೇಲೆ ನಿಮ್ಮ ನಿಜವಾದ ಕೆಲಸವನ್ನೇ ಒಂದು ದಿನ ಓಡಿಸಿ. ಕರ್ವ್ ಆಪ್ಟಿಮೈಸರ್ ಮಾಡ್ದೋರು ಇನ್ನೊಂದು ನೆನಪಿಡಿ, ಅದು ಕೈಕೊಡೋದು ಫುಲ್ ಲೋಡ್‌ನಲ್ಲಿ ಅಲ್ಲ, ಸುಮ್ನೆ ಬಿಟ್ಟಾಗ, ಬ್ರೌಸರ್ ತೆರೆದಾಗ, ಒಂದು ಕೋರ್ ಮಾತ್ರ ಚಿಮ್ಮಿದಾಗ, ಆದ್ರಿಂದ ಎರಡು ಮೂರು ದಿನ ಮಾಮೂಲಿ ಬಳಸಿ ನೋಡ್ಬೇಕು. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯೂಎಚ್‌ಇಎ ಅಂತ ಹಾರ್ಡ್‌ವೇರ್ ಎರರ್ ಬಿದ್ದಿದೆಯಾ ನೋಡಿ, ಬಿದ್ದಿದ್ರೆ ಹ್ಯಾಂಗ್ ಆಗ್ದೇ ಇದ್ರೂ ಸೆಟಿಂಗ್ ಸರಿ ಇಲ್ಲ ಅಂತಾನೇ ಅರ್ಥ. ಬೂಟೇ ಆಗ್ದೇ ಹೋದ್ರೆ ಗಾಬರಿ ಬೇಡ, ಪವರ್ ಪ್ಲಗ್ ಕಿತ್ತು ಬೋರ್ಡ್ ಮೇಲಿರೋ ಸಿಆರ್2032 ಬಿಲ್ಲೆ ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿದ್ರೆ ಬಹುತೇಕ ಬೋರ್ಡುಗಳಲ್ಲಿ ಎಲ್ಲಾ ಮೊದಲಿನ ಹಾಗೆ ಆಗುತ್ತೆ. ಇವೆಲ್ಲ ಶುರು ಮಾಡೋ ಮುಂಚೆ ಡೇಟಾ ಬೇರೆ ಡಿಸ್ಕಿಗೆ ಕಾಪಿ ತೆಗೆದಿರ್ಬೇಕು ಅಂತ ಬೇರೆ ಹೇಳ್ಬೇಕಾಗಿಲ್ಲ.

ವಾರಂಟಿ ವಿಷಯ ಮುಚ್ಚಿಡೋ ಅಂಗಡಿಯೋರ ಬಗ್ಗೆ ನೇರವಾಗೇ ಹೇಳ್ತೀನಿ. ಇಂಟೆಲ್ ಆಗ್ಲಿ ಎಎಂಡಿ ಆಗ್ಲಿ ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ವಾರಂಟಿ ಕೊಡಲ್ಲ, ಎಎಂಡಿಯ ಪಿಬಿಒ ಕೂಡ ಆ ಲೆಕ್ಕಕ್ಕೇ ಬರುತ್ತೆ. ಬಿಚ್ಚಿರೋ ಪ್ರೊಸೆಸರ್ ಅಂತ ಮಾರೋದು, ಬಿಚ್ಚಿ ಓಡಿಸಿದ್ರೆ ವಾರಂಟಿ ಇಲ್ಲ ಅನ್ನೋದು ನನಗೆ ನ್ಯಾಯ ಅನ್ಸಲ್ಲ, ಆದ್ರೆ ನಿಯಮ ಇರೋದು ಹಾಗೆ. ಸೆಟಿಂಗ್ ಮಾಡೋನು ಅಂಗಡಿಯೋನು, ವಾರಂಟಿ ಕಳ್ಕೊಳ್ಳೋನು ಗಿರಾಕಿ, ಇದು ಅವನಿಗೆ ದುಡ್ಡು ಕೊಡೋ ಮುಂಚೆ ಗೊತ್ತಾಗ್ಬೇಕಲ್ವಾ.

ಮಂಡ್ಯ, ಮೈಸೂರಿನ ಕಂಪ್ಯೂಟರ್ ಅಂಗಡಿ ಮಾಲೀಕರಲ್ಲಿ ನನ್ನ ಮನವಿ. ಓವರ್‌ಕ್ಲಾಕ್ ಮಾಡಿ ಕೊಡೋದಾದ್ರೆ ಬಿಲ್ಲಿನ ಹಿಂದೆ ಪೆನ್ನಲ್ಲಿ ಬರೆದ್ರೂ ಸಾಕು, ಸ್ಪೀಡ್ ಎಷ್ಟಿಟ್ಟಿದೀವಿ, ವೋಲ್ಟೇಜ್ ಎಷ್ಟು, ಪವರ್ ಲಿಮಿಟ್ ಎಷ್ಟು, ರೂಮು ಎಷ್ಟು ಡಿಗ್ರಿ ಇದ್ದಾಗ ಫುಲ್ ಲೋಡ್‌ನಲ್ಲಿ ಎಷ್ಟು ಬಂತು, ವಾರಂಟಿಗೆ ಏನಾಗುತ್ತೆ. ಬಯೋಸ್ ಪರದೆಯ ಫೋಟೊ ಒಂದು ವಾಟ್ಸಾಪ್ ಮಾಡಿ. ಬಯೋಸ್ ಅಪ್‌ಡೇಟ್ ಆದ್ರೆ ಈ ಸೆಟಿಂಗ್ ಎಲ್ಲಾ ಹೋಗುತ್ತೆ, ಆವಾಗ ಗಿರಾಕಿಗೂ ಬೇರೆ ಮೆಕ್ಯಾನಿಕ್‌ಗೂ ಆ ಫೋಟೊನೇ ಆಧಾರ. ಪಾಲಿಟೆಕ್ನಿಕ್, ಐಟಿಐ, ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರುಗಳಲ್ಲೂ ಕೇಳ್ಕೊಳ್ತೀನಿ, ಹಾರ್ಡ್‌ವೇರ್ ಲ್ಯಾಬ್‌ನಲ್ಲಿ ಒಂದು ಹಳೇ ಮೆಷಿನ್ ಇಟ್ಟು ವೋಲ್ಟೇಜ್ ಏರಿಸಿ ಇಳಿಸಿ ವ್ಯಾಟ್ ಮೀಟರ್‌ನಲ್ಲಿ ತೋರ್ಸಿ, ಮಕ್ಕಳು ಕಣ್ಣಾರೆ ನೋಡಿದ್ರೆ ವಿಡಿಯೊ ನೋಡ್ಕೊಂಡು ಮನೇಲಿ ಕೈ ಹಾಕಲ್ಲ. ಮತ್ತೆ ಗಿರಾಕಿಗಳು, ಯಾರಾದ್ರೂ ಸ್ಪೀಡ್ ಮಾಡ್ಕೊಡ್ತೀನಿ ಅಂದ್ರೆ "ವೋಲ್ಟೇಜ್ ಎಷ್ಟು ಇಡ್ತೀರ, ಬರ್ಕೊಡಿ" ಅಂತ ಕೇಳಿ, ಬರ್ಕೊಡಲ್ಲ ಅಂದ್ರೆ ಆ ಕೆಲಸ ಅಲ್ಲಿ ಮಾಡಿಸ್ಬೇಡಿ.

ಇಂತಿ,
ಕಂಪ್ಯೂಟರ್ ಜೋಡಣೆ ಕೆಲಸದ ಒಬ್ಬ ಓದುಗ,
ಮಂಡ್ಯ